ಹತ್ತು ಸೆಂಟು ಕಡಿಮೆ ಬಿದ್ದಾಗ



ಕಳೆದ ಬೇಸಿಗೆಯಲ್ಲಿ ನಾವು ಹಳೆಯ ಸ್ನೇಹಿತರೊಬ್ಬರ ಮನೆಗೆಂದು ಜತ್ತ ತಾಲ್ಲೂಕಿಗೆ ಹೋಗಿದ್ದೆವು. ಜತ್ತ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ. ಆದರೆ ಆ ತಾಲ್ಲೂಕಿನ ಪೂರ್ವ ಭಾಗಕ್ಕೆ, ಅಂದರೆ ಉಮದಿ, ಸಂಖ, ಗುಡ್ಡಾಪುರದ ಕಡೆಗೆ ಹೋದರೆ ಕಿವಿಗೆ ಬೀಳುವುದು ನಮ್ಮ ಕನ್ನಡವೇ. ಒಂದು ಕಡೆ ವಿಜಯಪುರ ಜಿಲ್ಲೆ, ಇನ್ನೊಂದು ಕಡೆ ಬೆಳಗಾವಿ ಜಿಲ್ಲೆಯ ಅಥಣಿ. ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ಅದರೊಳಗೆ ಉಳಿಯಿತು. ಅಂಗಡಿಯ ಫಲಕ ಮರಾಠಿ, ಅಂಗಡಿಯವನ ಬಾಯಲ್ಲಿ ಕನ್ನಡ. ಅಜ್ಜಿ ಕನ್ನಡದಲ್ಲಿ ಬೈದರೆ ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ಅರ್ಥವಾಗುತ್ತದೆ.

ನಮ್ಮ ಸ್ನೇಹಿತರು ಅಲ್ಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ರಾತ್ರಿ ಊಟಕ್ಕೆ ಮೊದಲು ಓಣಿಯ ಮಕ್ಕಳೆಲ್ಲ ಅಂಗಳದಲ್ಲಿ ಸೇರಿ ಸಿನಿಮಾ ಬೇಕೆಂದು ಹಟ ಹಿಡಿದರು. ಸ್ನೇಹಿತರ ಮಗ ಪುಣೆಯಿಂದ ಬಂದಿದ್ದ, ಅವನ ಹತ್ತಿರ ಚಿತ್ರ ತೋರಿಸುವ ಸಣ್ಣ ಯಂತ್ರವಿತ್ತು. ಆದರೆ ಕನ್ನಡ ಚಿತ್ರವೋ ಮರಾಠಿ ಚಿತ್ರವೋ ಎಂದು ಮಕ್ಕಳಲ್ಲೇ ಎರಡು ಪಕ್ಷವಾಯಿತು. ಜಗಳ ಜೋರಾಗುವಷ್ಟರಲ್ಲಿ ಮಾಸ್ತರರು ಎದ್ದು ತೀರ್ಪು ಕೊಟ್ಟರು: "ಮಾತೇ ಇಲ್ಲದ್ದ ಹಾಕು."

ಹೀಗೆ ಗೋಡೆಗೆ ಕಟ್ಟಿದ ಬಿಳಿ ಚಾದರದ ಮೇಲೆ ನೂರು ವರ್ಷಕ್ಕೂ ಹಳೆಯ ಅಮೆರಿಕದ ಮೂಕಿ ಹಾಸ್ಯಚಿತ್ರವೊಂದು ಮೂಡಿತು. ಚಾರ್ಲಿ ಚಾಪ್ಲಿನ್ ಬರೆದು, ನಿರ್ದೇಶಿಸಿ, ನಟಿಸಿದ ‘ದಿ ಇಮಿಗ್ರಂಟ್’. ಕನ್ನಡದಲ್ಲಿ ‘ವಲಸೆಗಾರ’ ಎನ್ನಬಹುದು. 1917ರ ಜೂನ್ 17ರಂದು ಬಿಡುಗಡೆಯಾದ ಇದು ಎರಡೇ ರೀಲಿನ ಚಿತ್ರ. ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ನಾವು ಇದನ್ನು ಹಿಂದೆಯೂ ಎರಡು ಮೂರು ಸಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆದರೆ ಆ ರಾತ್ರಿ ಜತ್ತದ ಅಂಗಳದಲ್ಲಿ ನೋಡಿದಂತೆ ಎಂದೂ ನೋಡಿರಲಿಲ್ಲ. ಈ ತಿಂಗಳು ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದುಕೊಂಡೆವು.

ಹಡಗಿನ ಮೇಲೆ

ಚಿತ್ರ ಶುರುವಾಗುವುದು ಸಮುದ್ರದ ನಡುವೆ ಹೊಯ್ದಾಡುವ ಒಂದು ಹಡಗಿನಲ್ಲಿ. ಯೂರೋಪಿನ ಬಡವರು ಕುರಿಗಳಂತೆ ಒತ್ತೊತ್ತಾಗಿ ಕುಳಿತಿದ್ದಾರೆ. ಅಮೆರಿಕಕ್ಕೆ ಹೋದರೆ ಹೊಟ್ಟೆ ತುಂಬುತ್ತದೆ ಎಂಬ ಆಸೆ ಅವರದು. ಚಾರ್ಲಿ ಹಡಗಿನ ಅಂಚಿನ ಮೇಲೆ ಬಗ್ಗಿ ನಿಂತಿದ್ದಾನೆ, ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಭುಜ ಅಲುಗುತ್ತಿದೆ, ಕಾಲು ಒದರುತ್ತಿದೆ. ಪಾಪ, ವಾಂತಿ ಮಾಡಿಕೊಳ್ಳುತ್ತಿದ್ದಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಅವನು ತಿರುಗುತ್ತಾನೆ, ಕೈಯಲ್ಲಿ ಒಂದು ಮೀನು! ಅವನು ಗಾಳ ಹಾಕಿ ಮೀನು ಹಿಡಿಯುತ್ತಿದ್ದ. ಮಕ್ಕಳ ಮೊದಲ ನಗೆ ಅಲ್ಲಿ ಎದ್ದಿತು. ಕನ್ನಡದ ಪಕ್ಷ, ಮರಾಠಿಯ ಪಕ್ಷ ಎರಡೂ ಒಟ್ಟಿಗೇ ನಕ್ಕವು.

ಮುಂದೆ ಊಟದ ಮನೆ. ಹಡಗು ಈ ಕಡೆ ವಾಲಿದಾಗ ಸೂಪಿನ ತಟ್ಟೆ ಚಾರ್ಲಿಯ ಮುಂದೆ ಬರುತ್ತದೆ, ಆ ಕಡೆ ವಾಲಿದಾಗ ಎದುರಿನವನ ಮುಂದೆ ಜಾರಿಹೋಗುತ್ತದೆ. ಇಬ್ಬರೂ ತಮ್ಮ ಸರದಿ ಬಂದಾಗ ಒಂದೊಂದು ಚಮಚ ಕುಡಿಯುತ್ತಾರೆ. ಇರುವುದು ಒಂದೇ ತಟ್ಟೆ, ಹಸಿದವರು ಇಬ್ಬರು. ಆಗ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಲ್ಲುತ್ತಾಳೆ. ಅವಳಿಗೆ ಕೂರಲು ಜಾಗವಿಲ್ಲ. ಚಾರ್ಲಿ ಎದ್ದು ತನ್ನ ಜಾಗ ಬಿಟ್ಟುಕೊಡುತ್ತಾನೆ. ಆ ಹುಡುಗಿಯ ಪಾತ್ರ ಮಾಡಿದವರು ಎಡ್ನಾ ಪರ್ವಿಯನ್ಸ್.

ಹುಡುಗಿಯ ತಾಯಿಯ ಹತ್ತಿರವಿದ್ದ ಹಣವನ್ನು ಒಬ್ಬ ಜೂಜುಕೋರ ಕದಿಯುತ್ತಾನೆ. ಅದೇ ಹಣ ಜೂಜಿನಲ್ಲಿ ಚಾರ್ಲಿಯ ಪಾಲಾಗುತ್ತದೆ. ಅದು ಕದ್ದ ಹಣವೆಂದು ಚಾರ್ಲಿಗೆ ಗೊತ್ತಿಲ್ಲ. ತಾಯಿ ಮಗಳು ಅಳುತ್ತಿರುವುದನ್ನು ಕಂಡು ತಾನು ಗೆದ್ದ ನೋಟುಗಳನ್ನು ಹುಡುಗಿಯ ಜೇಬಿಗೆ ಅವಳಿಗೆ ತಿಳಿಯದಂತೆ ಹಾಕುತ್ತಾನೆ. ಹಾಕಿದ ಮೇಲೆ ಒಂದು ಕ್ಷಣ ಯೋಚಿಸಿ, ಅದರಲ್ಲಿ ಸ್ವಲ್ಪ ತೆಗೆದು ತನ್ನ ಜೇಬಿಗೆ ಇಟ್ಟುಕೊಳ್ಳುತ್ತಾನೆ. ಹಡಗಿನ ಅಧಿಕಾರಿ ಅದನ್ನು ನೋಡಿ ಕಳ್ಳನೆಂದು ಹಿಡಿಯುತ್ತಾನೆ!

ಇಲ್ಲಿ ಒಬ್ಬ ಹುಡುಗ ಕೇಳಿದ: "ಕೊಟ್ಟ ಮ್ಯಾಲ ಯಾಕ ತಿರುಗಿ ತಗೊಂಡ?" ನಾವು ಏನೋ ನೀತಿಯ ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಅಕ್ಕ, ಹತ್ತು ಹನ್ನೊಂದು ವರ್ಷದವಳು, ಹೇಳಿಬಿಟ್ಟಳು: "ಅವನೂ ಉಣ್ಣಬೇಕಲ್ಲೊ." ನಮ್ಮ ನೀತಿಪಾಠ ಅಲ್ಲಿಗೇ ನಿಂತಿತು. ದಾನ ಮಾಡುವವನ ಕೈಯೂ ಬಡವನ ಕೈಯೇ ಆಗಿರಬಹುದು ಎಂಬುದನ್ನು ಆ ಮಗು ನಮಗಿಂತ ಬೇಗ ಹಿಡಿದಿತ್ತು.

ಹಗ್ಗದ ಹಿಂದೆ

ಮುಂದಿನ ದೃಶ್ಯವನ್ನು ಚಲನಚಿತ್ರದ ಇತಿಹಾಸ ಬರೆದವರೆಲ್ಲ ನೆನೆಯುತ್ತಾರೆ. ಹಡಗು ನ್ಯೂಯಾರ್ಕ್ ಬಂದರಿಗೆ ಬರುತ್ತದೆ. ಸ್ವಾತಂತ್ರ್ಯದ ನಾಡಿಗೆ ಬಂದಿಳಿದರು ಎಂಬರ್ಥದ ಬರಹ ತೆರೆಯ ಮೇಲೆ ಬರುತ್ತದೆ. ದೂರದಲ್ಲಿ ದೀಪ ಎತ್ತಿ ಹಿಡಿದ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಎಲ್ಲರ ಮುಖ ಅರಳುತ್ತದೆ. ಮರುಕ್ಷಣವೇ ಅಧಿಕಾರಿಗಳು ಬಂದು ಅವರ ಮುಂದೆ ಒಂದು ಹಗ್ಗ ಎಳೆದು, ದನಗಳನ್ನು ಕಟ್ಟಿದಂತೆ ಎಲ್ಲರನ್ನೂ ಹಿಂದಕ್ಕೆ ತಳ್ಳುತ್ತಾರೆ. ಚಾರ್ಲಿ ಆ ಪ್ರತಿಮೆಯ ಕಡೆ ಇನ್ನೊಮ್ಮೆ ನೋಡುತ್ತಾನೆ. ಮಾತಿಲ್ಲ, ಕಣ್ಣೀರಿಲ್ಲ, ಒಂದು ನೋಟ ಅಷ್ಟೇ. ಆಮೇಲೆ ಅಧಿಕಾರಿಯ ಬೆನ್ನಿಗೆ ಒಂದು ಒದೆ.

ಒದ್ದದ್ದಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಹಿಂದೆ ಕುಳಿತಿದ್ದ ದೊಡ್ಡವರು ಹಗ್ಗ ಬಂದಾಗಲೇ ಸುಮ್ಮನಾಗಿದ್ದರು. ಹಗ್ಗದ ಈಚೆ ನಿಂತು ಗೊತ್ತಿರುವವರು ಅವರು.

ಈ ದೃಶ್ಯ ಬರೀ ಕಲ್ಪನೆಯಲ್ಲ. ಚಿತ್ರ ಬರುವುದಕ್ಕೆ ನಾಲ್ಕು ತಿಂಗಳ ಹಿಂದೆ, 1917ರ ಫೆಬ್ರವರಿಯಲ್ಲಿ, ಅಮೆರಿಕದ ಸಂಸತ್ತು ವಲಸೆಯ ಮೇಲೆ ಹೊಸ ಕಾನೂನು ತಂದಿತ್ತು. ಹದಿನಾರು ವರ್ಷ ಮೀರಿದವರು ಯಾವುದಾದರೂ ಒಂದು ಭಾಷೆಯಲ್ಲಿ ಓದಿ ತೋರಿಸಬೇಕು, ಇಲ್ಲವಾದರೆ ವಾಪಸು. ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರಿಗಂತೂ ಬಾಗಿಲನ್ನೇ ಮುಚ್ಚಲಾಯಿತು. ಆ ಹಡಗಿನಲ್ಲಿ ನಮ್ಮವರು ಯಾರಾದರೂ ಇದ್ದಿದ್ದರೆ ಅವರಿಗೆ ಹಗ್ಗದ ಹಿಂದೆ ನಿಲ್ಲುವ ಜಾಗವೂ ಸಿಗುತ್ತಿರಲಿಲ್ಲ.

ನಗದೆ ಕುಳಿತ ಒಬ್ಬರು

ಚಿತ್ರದ ಎರಡನೆಯ ಭಾಗ ಒಂದು ಹೋಟೆಲಿನಲ್ಲಿ ನಡೆಯುತ್ತದೆ. ಹಸಿದು ಬರಿಗೈಯಲ್ಲಿ ಅಲೆಯುವ ಚಾರ್ಲಿಗೆ ಬೀದಿಯಲ್ಲಿ ಒಂದು ನಾಣ್ಯ ಸಿಗುತ್ತದೆ. ಜೇಬಿಗೆ ಹಾಕಿಕೊಳ್ಳುತ್ತಾನೆ. ಜೇಬು ತೂತು, ನಾಣ್ಯ ನೆಲಕ್ಕೆ. ಅದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಠೀವಿಯಿಂದ ಒಳಗೆ ಹೋಗಿ ಬೀನ್ಸ್ ತರಿಸಿಕೊಂಡು ತಿನ್ನುತ್ತಾನೆ. ಅಲ್ಲೇ ಹಡಗಿನ ಹುಡುಗಿ ಕಾಣುತ್ತಾಳೆ. ಅವಳನ್ನು ಕರೆದು ಅವಳಿಗೂ ಊಟ ಹೇಳುತ್ತಾನೆ.

ಆ ಹೊತ್ತಿಗೆ ಪಕ್ಕದಲ್ಲಿ ಗದ್ದಲ. ಒಬ್ಬ ಗಿರಾಕಿಯನ್ನು ಮಾಣಿಗಳೆಲ್ಲ ಸೇರಿ ಬಡಿಯುತ್ತಿದ್ದಾರೆ, ಹೊರಗೆ ಎಸೆಯುತ್ತಿದ್ದಾರೆ. ಏನಾಯಿತೆಂದು ಚಾರ್ಲಿ ಕೇಳುತ್ತಾನೆ. ಹತ್ತು ಸೆಂಟು ಕಡಿಮೆ ಕೊಟ್ಟನಂತೆ. ಚಾರ್ಲಿ ಮೆಲ್ಲನೆ ತನ್ನ ಜೇಬಿಗೆ ಕೈ ಹಾಕುತ್ತಾನೆ.

ಎಲ್ಲರೂ ನಕ್ಕರು. ನಾವೂ ಜೋರಾಗಿಯೇ ನಕ್ಕೆವು. ನಮ್ಮ ಪಕ್ಕದಲ್ಲಿ ಕುಳಿತಿದ್ದವರೊಬ್ಬರು ಮಾತ್ರ ನಗಲಿಲ್ಲ. ಅವರು ಮತ್ತು ಅವರ ಹೆಂಡತಿ ಕಬ್ಬು ಕಡಿಯುವ ಕೆಲಸದಿಂದ ಊರಿಗೆ ಮರಳಿ ಹದಿನೈದು ದಿನವಾಗಿತ್ತಷ್ಟೆ.

"ಎಷ್ಟ ಕಮ್ಮಿ ಬಿದ್ದಿತ್ರಿ ಅವಂಗ?" ಎಂದು ಕೇಳಿದರು.

"ಹತ್ತು ಸೆಂಟು. ನಮ್ಮ ಹತ್ತು ಪೈಸೆ ಇದ್ದ ಹಾಗೆ" ಎಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ದೂ ಹಂಗ ರೀ. ಲೆಕ್ಕ ಮಾಡೂ ಮುಂದ ಯಾವಾಗ್ಲೂ ಸ್ವಲ್ಪ ಕಮ್ಮೀನ ಬೀಳತೈತಿ."

ಓದುಗರೇ, ಈ ಮಾತಿನ ಹಿಂದಿನ ಬದುಕನ್ನು ಸ್ವಲ್ಪ ವಿವರಿಸಬೇಕು. ಜತ್ತ ಮಳೆ ಕಡಿಮೆಯ ತಾಲ್ಲೂಕು. ಮಾಡಗ್ಯಾಳದ ಕುರಿಗೆ ಹೆಸರಾದ ನಾಡು, ನೀರಿಗೆ ಅಲ್ಲ. ಆದ್ದರಿಂದ ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಶುರುವಾದಾಗ ಇಲ್ಲಿಂದ ಬಹಳ ಕುಟುಂಬಗಳು ಕಬ್ಬಿನ ಸೀಮೆಗೆ ಹೊರಡುತ್ತವೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ‘ಕೊಯ್ತಾ’. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಎರಡು ಜೀವಗಳನ್ನು ಒಂದು ಕತ್ತಿಯ ಹೆಸರಿನಲ್ಲಿ ಎಣಿಸುವ ಲೆಕ್ಕ ಅದು. ಹೊರಡುವ ಮೊದಲೇ ಮುಕಾದಮನಿಂದ ಮುಂಗಡ ಹಣ ತೆಗೆದುಕೊಂಡಿರುತ್ತಾರೆ. ಅದಕ್ಕೆ ‘ಉಚಲ್’ ಎನ್ನುತ್ತಾರೆ. ಮಗಳ ಮದುವೆಗೋ, ಮನೆಯ ಮಾಡಿಗೋ, ಆಸ್ಪತ್ರೆಗೋ ಅದು ಖರ್ಚಾಗಿ ಹೋಗಿರುತ್ತದೆ. ಐದಾರು ತಿಂಗಳು ನಸುಕಿನಲ್ಲಿ ಎದ್ದು ಕಡಿದು, ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಹೇರಿ ಆ ಮುಂಗಡವನ್ನು ತೀರಿಸಬೇಕು. ಎಷ್ಟೋ ಸಲ ಹಂಗಾಮು ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಕಡಿಮೆ ಬಿದ್ದದ್ದು ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳು ಜೊತೆಗೆ ಹೋದರೆ ಶಾಲೆ ತಪ್ಪುತ್ತದೆ. ಬಿಟ್ಟು ಹೋದರೆ ಅಜ್ಜಿಯರ ಪಾಲಿಗೆ.

ಹತ್ತು ಸೆಂಟು ಕಡಿಮೆ ಬಿದ್ದವನಿಗೆ ಏಟು ಬೀಳುವುದನ್ನು ಕಂಡು ನಗಲು ನಮಗೆ ಸುಲಭವಾಗಿತ್ತು. ನಮ್ಮ ಜೇಬು ತೂತಾಗಿರಲಿಲ್ಲ. ನಮಗೆ ನಾಚಿಕೆಯಾಯಿತು ಎಂದು ಒಪ್ಪಿಕೊಳ್ಳಲೇಬೇಕು.

ಆಮೇಲೆ ಅವರೇ ನಕ್ಕರು

ಹಾಗಾದರೆ ಇಂಥ ಚಿತ್ರ ನೋಡಿ ನಗಬಾರದೇ? ಅದಕ್ಕೆ ಉತ್ತರವನ್ನೂ ಅವರೇ ಕೊಟ್ಟರು.

ಕತೆ ಮುಂದುವರಿಯುತ್ತದೆ. ಚಾರ್ಲಿ ಕಳೆದುಕೊಂಡ ನಾಣ್ಯವನ್ನೇ ಇನ್ನೊಬ್ಬ ಎತ್ತಿಕೊಂಡು ಬಂದು ಕಾಫಿಯ ದುಡ್ಡೆಂದು ಕೊಡುತ್ತಾನೆ. ಅದು ಮಾಣಿಯ ಜೇಬಿನಿಂದ ಜಾರಿ ಕೆಳಗೆ ಬೀಳುತ್ತದೆ. ಮಾಣಿಯ ಜೇಬೂ ತೂತು! ಚಾರ್ಲಿ ನೂರು ಉಪಾಯ ಮಾಡಿ, ಆ ಕಡೆ ಈ ಕಡೆ ನೋಡಿ ಅದನ್ನು ಎತ್ತಿಕೊಂಡು ಗತ್ತಿನಿಂದ ಬಿಲ್ಲಿಗೆ ಕೊಡುತ್ತಾನೆ. ಮಾಣಿ ಹಲ್ಲಿನಲ್ಲಿ ಕಚ್ಚಿ ನೋಡಿದರೆ ನಾಣ್ಯ ಬಾಗುತ್ತದೆ. ಖೋಟಾ ನಾಣ್ಯ. ಆ ಭೀಮಕಾಯದ ಮಾಣಿಯ ಪಾತ್ರ ಮಾಡಿದವರು ಎರಿಕ್ ಕ್ಯಾಂಪ್‌ಬೆಲ್. ಅವರ ಹುಬ್ಬು ಏರುವುದನ್ನು ನೋಡಿದರೇ ಎದೆ ನಡುಗುತ್ತದೆ.

ಅಷ್ಟರಲ್ಲಿ ಒಬ್ಬ ಚಿತ್ರಕಾರ ಬರುತ್ತಾನೆ. ಚಾರ್ಲಿ ಮತ್ತು ಹುಡುಗಿಯನ್ನು ಕಂಡು ಇವರ ಚಿತ್ರ ಬರೆಯಬೇಕೆನ್ನುತ್ತಾನೆ. ನಿಮ್ಮ ಬಿಲ್ಲನ್ನೂ ನಾನೇ ಕೊಡುತ್ತೇನೆ ಎನ್ನುತ್ತಾನೆ. ಚಾರ್ಲಿ ಮರ್ಯಾದೆಗಾಗಿ ಬೇಡ ಬೇಡ ಎನ್ನುತ್ತಾನೆ. ನಾವೆಲ್ಲ ಮಾಡುವಂತೆಯೇ. ಮತ್ತೆ ಕೇಳಲಿ ಎಂದು ಕಾಯುತ್ತಾನೆ. ಎರಡು ಮೂರು ಸಲ ಬೇಡವೆಂದದ್ದನ್ನು ಚಿತ್ರಕಾರ ನಿಜವೆಂದು ನಂಬಿ ಸುಮ್ಮನಾಗಿಬಿಡುತ್ತಾನೆ! ಕೊನೆಗೆ ಚಿತ್ರಕಾರ ಮಾಣಿಗೆಂದು ತಟ್ಟೆಯಲ್ಲಿ ಬಿಟ್ಟ ಚಿಲ್ಲರೆಯಿಂದಲೇ ಚಾರ್ಲಿ ತನ್ನ ಬಿಲ್ಲು ತೀರಿಸುತ್ತಾನೆ. ಅಷ್ಟೇ ಅಲ್ಲ, ಉಳಿದ ಪುಡಿಗಾಸನ್ನು ದೊಡ್ಡ ಮನುಷ್ಯನಂತೆ ಮಾಣಿಗೆ ಭಕ್ಷೀಸು ಕೊಡುತ್ತಾನೆ.

ನಮ್ಮ ಪಕ್ಕದವರು ತೊಡೆ ತಟ್ಟಿಕೊಂಡು ನಕ್ಕರು. "ಭಲೇ, ಭಲೇ!" ಎಂದರು. ಅಂಗಳದಲ್ಲಿ ಅವರಷ್ಟು ಜೋರಾಗಿ ಯಾರೂ ನಗಲಿಲ್ಲ. ಏಟು ತಿಂದವನನ್ನು ನೋಡಿ ನಗದವರು, ಏಟಿನಿಂದ ತಪ್ಪಿಸಿಕೊಂಡವನನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಚಿತ್ರದ ಕೊನೆಯಲ್ಲಿ ಮಳೆ. ಹೋಟೆಲಿನ ಹೊರಗೆ ಚಾರ್ಲಿ ಚಿತ್ರಕಾರನನ್ನು ನಿಲ್ಲಿಸಿ ಎರಡು ಡಾಲರ್ ಮುಂಗಡ ಕೇಳಿ ತೆಗೆದುಕೊಳ್ಳುತ್ತಾನೆ. ಆ ಹಣದಲ್ಲಿ ಹುಡುಗಿಯನ್ನು ಮದುವೆಯ ಪರವಾನಗಿ ಕೊಡುವ ಕಚೇರಿಗೆ ಎತ್ತಿಕೊಂಡು ಹೋಗುತ್ತಾನೆ.

"ಉಚಲ್ ತಗೊಂಡ್ನಲ್ಲೊ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ನಗೆ ಇಳಿದ ಮೇಲೆ ನಮ್ಮ ಪಕ್ಕದವರ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲನೆ ಅಂದರು: "ತೀರಸಬೇಕಲ್ಲ ಇನ್ನ."

ಹಸಿವು ಬಲ್ಲವನ ಹಾಸ್ಯ

ಈ ಚಿತ್ರದಲ್ಲಿ ಇಷ್ಟು ನಿಜ ಹೇಗೆ ಬಂತು ಎಂಬುದಕ್ಕೆ ಚಾಪ್ಲಿನ್ ಅವರ ಬಾಲ್ಯವನ್ನು ನೋಡಬೇಕು. ಅವರು ಹುಟ್ಟಿದ್ದು 1889ರಲ್ಲಿ, ಬೆಳೆದದ್ದು ಲಂಡನ್ನಿನ ಬಡ ಬೀದಿಗಳಲ್ಲಿ. ತಂದೆ ಕುಡಿತದಿಂದ ಬೇಗ ತೀರಿಕೊಂಡರು. ತಾಯಿ ಹ್ಯಾನಾ ಹೊಲಿಗೆ ಮಾಡಿ ಮಕ್ಕಳನ್ನು ಸಾಕಲು ಹೆಣಗಿ, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ಆಸ್ಪತ್ರೆ ಸೇರಿದರು. ಏಳನೆಯ ವಯಸ್ಸಿನಲ್ಲೇ ಚಾರ್ಲಿ ಅನಾಥರ, ನಿರ್ಗತಿಕರ ಸರ್ಕಾರಿ ದುಡಿಮೆ ಮನೆಯನ್ನು ಕಂಡಿದ್ದರು. ನಾಟಕ ತಂಡವೊಂದರ ಜೊತೆ ಅವರು ಮೊದಲ ಬಾರಿ ಅಮೆರಿಕಕ್ಕೆ ಹಡಗಿನಲ್ಲಿ ಹೋದದ್ದು 1910ರಲ್ಲಿ. 1914ರಲ್ಲಿ ಸಿನಿಮಾಕ್ಕೆ ಬಂದರು. ಎರಡೇ ವರ್ಷದಲ್ಲಿ ಮ್ಯೂಚುಯಲ್ ಕಂಪನಿ ಅವರಿಗೆ ಹನ್ನೆರಡು ಚಿತ್ರಗಳಿಗೆ 6,70,000 ಡಾಲರ್ ಕೊಡಲು ಒಪ್ಪಿತು. ಆಗ ಅವರಿಗೆ ಇಪ್ಪತ್ತಾರು ವರ್ಷ. ‘ದಿ ಇಮಿಗ್ರಂಟ್’ ಆ ಹನ್ನೆರಡರಲ್ಲಿ ಹನ್ನೊಂದನೆಯದು. ಇಷ್ಟು ಹಣ ಬಂದ ಮೇಲೂ ಅವರು ತೂತು ಜೇಬನ್ನು ಮರೆಯಲಿಲ್ಲ.

ಚಿತ್ರ ತಯಾರಾದ ರೀತಿಯೂ ಸ್ವಾರಸ್ಯಕರ. ಬಿಟ್ಟುಹೋದ ಫಿಲ್ಮಿನ ತುಂಡುಗಳನ್ನು ಹುಡುಕಿ ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಎಂಬವರು 1983ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಿಂದ ತಿಳಿದದ್ದೇನೆಂದರೆ, ಚಾಪ್ಲಿನ್ ಮೊದಲು ಚಿತ್ರೀಕರಿಸಿದ್ದು ಹೋಟೆಲಿನ ದೃಶ್ಯವನ್ನು. ಆಗ ಹಡಗೂ ಇರಲಿಲ್ಲ, ವಲಸೆಯ ಮಾತೂ ಇರಲಿಲ್ಲ. ಹೋಟೆಲಿನಲ್ಲಿ ಸಿಕ್ಕ ಈ ಇಬ್ಬರು ಮೊದಲು ಎಲ್ಲಿ ಭೇಟಿಯಾಗಿದ್ದರು ಎಂದು ಯೋಚಿಸುತ್ತ ಹೋದಾಗ ಹಡಗು ಬಂತು, ಪ್ರತಿಮೆ ಬಂತು, ಹಗ್ಗವೂ ಬಂತು. ಮಾಣಿಯ ಪಾತ್ರಕ್ಕೂ ಮೊದಲು ಬೇರೊಬ್ಬ ನಟ ಇದ್ದರು. ಸಾಕಷ್ಟು ಹೆದರಿಕೆ ಹುಟ್ಟುತ್ತಿಲ್ಲವೆಂದು ಎರಿಕ್ ಕ್ಯಾಂಪ್‌ಬೆಲ್‌ರನ್ನು ಹಾಕಿ ಎಲ್ಲವನ್ನೂ ಮತ್ತೆ ಚಿತ್ರೀಕರಿಸಿದರು. ಮತ್ತೆ ಮತ್ತೆ ಬೀನ್ಸ್ ತಿನ್ನಬೇಕಾಗಿ ಬಂದು ಎಡ್ನಾ ಅವರಿಗೆ ಹೊಟ್ಟೆ ಕೆಟ್ಟಿತಂತೆ! ಹತ್ತಾರು ಸಾವಿರ ಅಡಿ ಫಿಲ್ಮ್ ತೆಗೆದು, ಹಗಲು ರಾತ್ರಿ ಕತ್ತರಿಸಿ ಸುಮಾರು 1,800 ಅಡಿಗೆ ಇಳಿಸಿದರು. ನಾವು ಅರ್ಧ ಗಂಟೆಯೊಳಗೆ ನಕ್ಕು ಮುಗಿಸುವುದರ ಹಿಂದೆ ಇಷ್ಟು ದುಡಿಮೆ.

ಆ ಒಂದು ಒದೆಯ ಲೆಕ್ಕವೂ ಕಡೆಗೆ ಬಂತು. 1952ರಲ್ಲಿ ಚಾಪ್ಲಿನ್ ಹಡಗಿನಲ್ಲಿ ಲಂಡನ್ನಿಗೆ ಹೊರಟಿದ್ದಾಗ, ಅಮೆರಿಕದ ಸರ್ಕಾರ ಅವರ ಮರುಪ್ರವೇಶದ ಪರವಾನಗಿಯನ್ನು ರದ್ದು ಮಾಡಿತು. ಅವರು ಅಮೆರಿಕದ ವಿರೋಧಿ ಎನ್ನುವವರು ಈ ಹಳೆಯ ಚಿತ್ರದ ಒದೆಯನ್ನೂ ಎತ್ತಿ ತೋರಿಸಿದರು. ಚಿತ್ರದಲ್ಲಿ ಹಗ್ಗದ ಹಿಂದೆ ನಿಂತಿದ್ದವನು ಮೂವತ್ತೈದು ವರ್ಷಗಳ ಮೇಲೆ ನಿಜವಾಗಿ ಹಗ್ಗದ ಹೊರಗೆ ಉಳಿದ. ಉಳಿದ ಬದುಕನ್ನು ಅವರು ಸ್ವಿಟ್ಜರ್‌ಲೆಂಡಿನಲ್ಲಿ ಕಳೆದರು. ಇಪ್ಪತ್ತು ವರ್ಷಗಳ ನಂತರ, 1972ರಲ್ಲಿ, ಅಮೆರಿಕ ಅವರನ್ನು ಕರೆದು ಗೌರವ ಆಸ್ಕರ್ ಕೊಟ್ಟಿತು. 1977ರ ಕ್ರಿಸ್ಮಸ್ ದಿನ ಅವರು ತೀರಿಕೊಂಡರು. 1998ರಲ್ಲಿ ಈ ಪುಟ್ಟ ಚಿತ್ರವನ್ನು ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರಗಳ ಸಂರಕ್ಷಣಾ ಪಟ್ಟಿಗೆ ಸೇರಿಸಿತು, ಒದೆಯ ಸಮೇತ.

ನಮ್ಮ ಸೀಮೆಯ ಮೂಕಿ ನೆನಪು

ಊಟವಾದ ಮೇಲೆ ಮಾಸ್ತರರು ಅಂಗಳದಲ್ಲಿ ಹೊರಸು ಹಾಕಿಕೊಂಡು ಮಾತಿಗೆ ಕುಳಿತರು. "ನಗಿಗೆ ಸೀಮಿ ಇಲ್ಲ ಅನ್ನೂದು ಈ ಭಾಗಕ್ಕ ಹೊಸಾದಲ್ಲ" ಎಂದರು. ಅವರು ಹೇಳಿದ್ದು ನಿಜ. 1843ರಲ್ಲಿ ವಿಷ್ಣುದಾಸ ಭಾವೆಯವರು ಇದೇ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿದಾಗ ಮರಾಠಿ ರಂಗಭೂಮಿ ಹುಟ್ಟಿತು ಎನ್ನುತ್ತಾರೆ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕಡೆಯಿಂದ ಬಂದು ಸಾಂಗ್ಲಿಯ ಅರಸರೆದುರು ಆಡಿದ ಯಕ್ಷಗಾನದ ಮೇಳ.

ಸಿನಿಮಾ ಬಂದಾಗಲೂ ಹಾಗೆಯೇ. ದಾದಾಸಾಹೇಬ ಫಾಲ್ಕೆಯವರಿಗೆ ಚಿತ್ರ ಮಾಡುವ ಹುಚ್ಚು ಹಿಡಿದದ್ದು ಮುಂಬಯಿಯ ಗಿರಗಾಂವಿನಲ್ಲಿ ‘ಲೈಫ್ ಆಫ್ ಕ್ರೈಸ್ಟ್’ ಎಂಬ ಮೂಕಿ ಚಿತ್ರವನ್ನು ನೋಡಿದ ಮೇಲೆ. ಯೇಸುಸ್ವಾಮಿಯ ಜೀವನ ತೆರೆಯ ಮೇಲೆ ಸಾಗುತ್ತಿದ್ದಾಗ ಅವರ ಮನಸ್ಸಿನಲ್ಲಿ ರಾಮ ಕೃಷ್ಣರು ಮೂಡಿದರಂತೆ. 1913ರ ಮೇ 3ರಂದು ಅವರ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾದಾಗ ಅದರ ಜೊತೆಯ ಕಾರ್ಯಕ್ರಮದಲ್ಲಿ ನೃತ್ಯ, ಕಾಲಿನ ಕಸರತ್ತು ಮತ್ತು ನಗೆಯ ತುಣುಕುಗಳೂ ಇದ್ದವು. ಮರುವರ್ಷ ಫಾಲ್ಕೆಯವರೇ ‘ಪಿಠಾಚೆ ಪಂಜೆ’ ಎಂಬ ಕಿರು ಹಾಸ್ಯಚಿತ್ರ ಮಾಡಿದರು. ಅಂದರೆ ಚಾಪ್ಲಿನ್ ಸಿನಿಮಾಕ್ಕೆ ಬಂದ ವರ್ಷವೇ ನಮ್ಮಲ್ಲೂ ಕಿರು ನಗೆಚಿತ್ರ ಹುಟ್ಟಿತ್ತು.

ಕೊಲ್ಲಾಪುರದ ಹುಡುಗ ಶಾಂತಾರಾಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುತ್ತ, ಅಲ್ಲೇ ತಗಡಿನ ಚಿತ್ರಮಂದಿರವೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಸಿನಿಮಾ ಕಲಿತದ್ದು ಮೂಕಿಯ ಕಾಲದಲ್ಲೇ. ಮುಂದೆ ಅವರೇ ವಿ. ಶಾಂತಾರಾಮ್ ಎಂದು ಹೆಸರಾದರು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಮರಾಠಿಯ ಕೊಲ್ಲಾಪುರದಲ್ಲಿ. ಇದನ್ನು ಹೇಳಿ ಮಾಸ್ತರರು ನಕ್ಕರು: "ಕನ್ನಡ ಸಿನಿಮಾ ಮೊದಲ ಬಾಯಿ ಬಿಟ್ಟಿದ್ದ ಕೊಲ್ಲಾಪುರದಾಗ ನೋಡ್ರಿ."

ಮೂಕಿಯ ಕಾಲದಲ್ಲಿ ತೆರೆಯ ಮೇಲೆ ಬರುವ ಬರಹವನ್ನು ಓದು ಬಲ್ಲವರು ಜೋರಾಗಿ ಓದಿ, ಬಾರದವರಿಗೆ ಹೇಳುತ್ತಿದ್ದರು. ಆ ರಾತ್ರಿಯೂ ಅದೇ ಆಯಿತು. ಇಂಗ್ಲಿಷ್ ಬರಹವನ್ನು ಮಾಸ್ತರರ ಮಗ ಕನ್ನಡದಲ್ಲಿ ಹೇಳಿದರೆ, ಒಬ್ಬ ಹುಡುಗಿ ಅದನ್ನು ತನ್ನ ಗೆಳತಿಗೆ ಮರಾಠಿಯಲ್ಲಿ ಪಿಸುಗುಡುತ್ತಿದ್ದಳು. ಬರಹ ಇದ್ದದ್ದೇ ಕೆಲವು. ಉಳಿದದ್ದೆಲ್ಲ ಮೈಯ ಭಾಷೆ. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಅಜ್ಜಿ ಕಂಡದ್ದು

ಕೊನೆಯದಾಗಿ ಒಂದು ಮಾತು. ಮಾಸ್ತರರ ತಾಯಿಗೆ ಎಂಬತ್ತು ದಾಟಿದೆ. ಅವರು ಬಾಗಿಲ ಬಳಿ ಕುಳಿತು ಇಡೀ ಚಿತ್ರ ನೋಡಿದ್ದರು. ಎಲ್ಲರೂ ಎದ್ದು ಹೋದ ಮೇಲೆ ನಮ್ಮನ್ನು ಕರೆದು ಕೇಳಿದರು: "ಆ ಹುಡುಗಿ ಜೋಡಿ ಹಡಗದಾಗ ಅವ್ವ ಇದ್ಲಲ್ಲ, ಆಕಿ ಎಲ್ಲಿ ಹೋದ್ಲು?"

ನಾವು ಬೆರಗಾದೆವು. ಚಿತ್ರದಲ್ಲಿ ತಾಯಿಯ ಸಾವನ್ನು ತೋರಿಸುವುದಿಲ್ಲ. ಹೋಟೆಲಿನಲ್ಲಿ ಚಾರ್ಲಿ ತಾಯಿಯ ಬಗ್ಗೆ ಕೇಳಿದಾಗ ಹುಡುಗಿ ಏನೂ ಹೇಳುವುದಿಲ್ಲ. ಅವಳ ಕೈಯಲ್ಲಿ ಕಪ್ಪು ಅಂಚಿನ ಕರವಸ್ತ್ರ ಕಾಣುತ್ತದೆ ಅಷ್ಟೆ. ಅಲ್ಲಿನವರಲ್ಲಿ ಅದು ಸೂತಕದ ಗುರುತು. ಚಾರ್ಲಿ ಅದನ್ನು ಕಂಡು ಸುಮ್ಮನಾಗುತ್ತಾನೆ. ಮತ್ತೆ ಬೀನ್ಸ್ ತರಿಸುತ್ತಾನೆ. ನಗುವ ಭರದಲ್ಲಿ ನಾವು ಆ ಕರವಸ್ತ್ರವನ್ನು ಪ್ರತಿ ಸಲವೂ ದಾಟಿಕೊಂಡು ಹೋಗಿದ್ದೆವು. ಕಪ್ಪು ಅಂಚಿನ ಅರ್ಥ ತಿಳಿಯದ ಅಜ್ಜಿ, ಒಬ್ಬಳು ತಾಯಿ ಕಾಣೆಯಾದದ್ದನ್ನು ಮಾತ್ರ ಮರೆತಿರಲಿಲ್ಲ.

ವಿಷಯ ತಿಳಿಸಿದೆವು. "ಪಾಪ, ದಾರ್ಯಾಗ ಹೋದ್ಲೇನು" ಎಂದು ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಆದ್ರ ಆ ಹುಡುಗ ಛಲೋ ಅದಾನ. ಉಣ್ಣಾಕ ಹಾಕಿದ" ಎಂದರು.

ಓದುಗ ಬಂಧುಗಳೇ, ಈ ಚಿತ್ರ ಇಂದು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದಾದದ್ದು. ಒಂದು ಭಾನುವಾರ ಸಂಜೆ ಮಕ್ಕಳನ್ನು, ಅಜ್ಜ ಅಜ್ಜಿಯರನ್ನು ಒಟ್ಟಿಗೆ ಕೂರಿಸಿಕೊಂಡು ನೋಡಿ. ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡಬೇಡಿ. ಸಾಧ್ಯವಾದರೆ ಮನೆಕೆಲಸಕ್ಕೆ ಬರುವವರನ್ನು, ಪಕ್ಕದ ಕಟ್ಟಡದ ಕೆಲಸಕ್ಕೆ ದೂರದ ಊರಿಂದ ಬಂದವರನ್ನೂ ಕರೆಯಿರಿ. ಅವರ ಊರು ಯಾವುದೋ, ಭಾಷೆ ಯಾವುದೋ, ಚಿಂತೆ ಬೇಡ. ಈ ಚಿತ್ರಕ್ಕೆ ಭಾಷೆ ಬೇಕಿಲ್ಲ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನೂ ಸ್ವಲ್ಪ ಗಮನಿಸಿ. ನಮಗೆ ಆ ರಾತ್ರಿ ತೆರೆಯಿಂದ ಸಿಕ್ಕಷ್ಟೇ ಪಾಠ ಪಕ್ಕದವರಿಂದಲೂ ಸಿಕ್ಕಿತು.

ಮರುದಿನ ಬೆಳಿಗ್ಗೆ ಬಸ್ಸಿಗೆ ನಿಂತಾಗ ಆ ದಂಪತಿ ಮತ್ತೆ ಎದುರಾದರು. ಸಂತೆಗೆ ಹೊರಟಿದ್ದರು. ನಮ್ಮನ್ನು ಕಂಡು ಅವರು ತಮ್ಮ ಅಂಗಿಯ ಜೇಬನ್ನು ಹೊರಗೆಳೆದು, ತೂತಿದೆಯೇ ಎಂದು ಬೆರಳು ಹಾಕಿ ನೋಡಿ, ಚಾರ್ಲಿಯಂತೆಯೇ ಮುಖ ಮಾಡಿ ತೋರಿಸಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಈ ಸಲ ನಾವೂ ಅವರ ಜೊತೆ ನಕ್ಕೆವು.